ಮನೆಯಲ್ಲಿ ಜನಿಸಿದ ಮಗುವಿನ ಜನನ ನೋಂದಣಿ: ಬಿಳಿಗೆರೆ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಜನನದ ವರದಿಯನ್ನು ನೀಡುವ ಹೊಣೆ ಆಸ್ಪತ್ರೆಯ ವೈದ್ಯಾಧಿಕಾರಿಯದಾಗಿರುತ್ತದೆ. ಮನೆಯಲ್ಲಿ ಹೆರಿಗೆಯಾದಾಗ ಅದೇ ಹೊಣೆ ಮನೆಯ ಯಜಮಾನರ ಮೇಲೆ ಬರುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ, ನೋಂದಣಿ ತಾನಾಗಿಯೇ ಆಗಿರಬಹುದೆಂದು ಭಾವಿಸಿ ಸುಮ್ಮನಿರುವ ಕುಟುಂಬಗಳು ಮಗುವನ್ನು ಶಾಲೆಗೆ ಸೇರಿಸುವ ವೇಳೆಗೆ ತೊಂದರೆಗೆ ಒಳಗಾಗುತ್ತವೆ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ಇಲ್ಲಿ ಹಲವು ಕುಟುಂಬಗಳು ಊರಿನಿಂದ ದೂರವಾಗಿ ತೋಟದ ಮನೆಗಳಲ್ಲಿ ವಾಸವಾಗಿವೆ. ರಾತ್ರಿ ವೇಳೆಯಲ್ಲಿ ನೋವು ಕಾಣಿಸಿಕೊಂಡು, ವಾಹನ ತೋಟದ ದಾರಿ ಹಿಡಿಯುವ ಮೊದಲೇ ಹೆರಿಗೆಯಾಗುವ ಸಂದರ್ಭ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ಕುಟುಂಬದವರು ಅನುಸರಿಸಬೇಕಾದ ಕ್ರಮಗಳನ್ನು ತಿಪಟೂರು ತಾಲ್ಲೂಕಿನ ಬಿಳಿಗೆರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಒಂದೆರಡು ತಲೆಮಾರುಗಳ ಹಿಂದೆ ಈ ಭಾಗದಲ್ಲಿ ಮನೆಯ ಹೆರಿಗೆಯೇ ವಾಡಿಕೆಯಾಗಿತ್ತು. ಊರಿನ ಸೂಲಗಿತ್ತಿಯೇ ವೈದ್ಯೆಯೂ ದಾದಿಯೂ ಆಗಿದ್ದಳು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಯಾವ ಸಂಭಾವನೆಯನ್ನೂ ಬಯಸದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಹೆಸರಾದವರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅವರು 2018ರ ಡಿಸೆಂಬರ್ 25ರಂದು ನಿಧನರಾದರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005-06ರಲ್ಲಿ ಸುಮಾರು ಶೇಕಡ 65 ಇದ್ದುದು 2019-21ರಲ್ಲಿ ಶೇಕಡ 97ಕ್ಕೆ ಏರಿದೆ. ಮನೆಯ ಹೆರಿಗೆಗಳು ವಿರಳವಾಗಿರುವುದರಿಂದಲೇ ಅವುಗಳ ನೋಂದಣಿಯ ಕ್ರಮವೂ ಜನರ ನೆನಪಿನಿಂದ ಮರೆಯಾಗುತ್ತಿದೆ. ಊರಿನಲ್ಲಿ ಕೇಳಿ ತಿಳಿಯೋಣವೆಂದರೆ ಇತ್ತೀಚೆಗೆ ಹಾಗೆ ನೋಂದಣಿ ಮಾಡಿಸಿದವರು ಸಿಗುವುದು ಕಷ್ಟ.

ಅನ್ವಯವಾಗುವ ಕಾನೂನು

ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರ ಮೇರೆಗೆ ಪ್ರತಿಯೊಂದು ಜನನವನ್ನೂ ನೋಂದಾಯಿಸುವುದು ಕಡ್ಡಾಯ. ಈ ಅಧಿನಿಯಮಕ್ಕೆ 2023ರಲ್ಲಿ ತಿದ್ದುಪಡಿ ಮಾಡಲಾಗಿದ್ದು, ತಿದ್ದುಪಡಿಯು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನಾಂಕದಂದು ಅಥವಾ ತರುವಾಯ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೇಮಕಾತಿ, ಪಾಸ್‌ಪೋರ್ಟ್ ಮತ್ತು ಆಧಾರ್ ಸಂಬಂಧವಾಗಿ ಜನನ ದಿನಾಂಕ ಹಾಗೂ ಸ್ಥಳವನ್ನು ರುಜುವಾತುಪಡಿಸಲು ಜನನ ಪ್ರಮಾಣ ಪತ್ರವೇ ಆಧಾರವಾಗಿರುತ್ತದೆ. ಹಿಂದೆ ಶಾಲೆಯ ದಾಖಲಾತಿಯಲ್ಲಿ ಬರೆಸಿದ ದಿನಾಂಕವೇ ಮುಂದೆ ಎಲ್ಲೆಡೆಯೂ ನಡೆಯುತ್ತಿತ್ತು. ಈಗ ಜನಿಸುವ ಮಕ್ಕಳಿಗೆ ಆ ಅನುಕೂಲವಿಲ್ಲ.

ಮಾಹಿತಿ ನೀಡಬೇಕಾದವರು

ಮನೆಯಲ್ಲಿ ಆದ ಜನನದ ಮಾಹಿತಿಯನ್ನು ಮನೆಯ ಯಜಮಾನರು ನೀಡತಕ್ಕದ್ದು. ಅವರು ಇಲ್ಲದಿದ್ದಲ್ಲಿ ಮನೆಯಲ್ಲಿರುವ ಅವರ ಹತ್ತಿರದ ಸಂಬಂಧಿಕರು, ಅವರೂ ಇಲ್ಲದಿದ್ದಲ್ಲಿ ಹಾಜರಿದ್ದ ಹಿರಿಯ ವಯಸ್ಕರು ನೀಡಬೇಕು. ಮಗುವಿನ ತಂದೆಯೇ ಬರಬೇಕೆಂಬ ನಿಯಮವಿಲ್ಲ. ತಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಅವರು ಬರುವವರೆಗೆ ಕಾಯದೆ, ಹೆರಿಗೆಯಾದ ಮನೆಯ ಯಜಮಾನರಾದ ಮಗುವಿನ ಅಜ್ಜ ಅಥವಾ ಅಜ್ಜಿ ಮಾಹಿತಿ ನೀಡಬಹುದು. ಅವಿವಾಹಿತ ತಾಯಿ ಅಥವಾ ಒಬ್ಬರೇ ಪೋಷಕರಿರುವ ಸಂದರ್ಭದಲ್ಲಿ ಆ ಪೋಷಕರೇ ಮಾಹಿತಿದಾರರಾಗಬಹುದೆಂದು 2023ರ ತಿದ್ದುಪಡಿಯು ಸ್ಪಷ್ಟಪಡಿಸಿದೆ.

ಹೆರಿಗೆಗೆ ನೆರವಾದ ಸೂಲಗಿತ್ತಿ ಅಥವಾ ಆರೋಗ್ಯ ಸಿಬ್ಬಂದಿಯೂ ಜನನದ ವಿಷಯವನ್ನು ನೋಂದಣಾಧಿಕಾರಿಗೆ ತಿಳಿಸಬೇಕೆಂದು ಅಧಿನಿಯಮದ 10ನೇ ಪ್ರಕರಣ ವಿಧಿಸುತ್ತದೆ. ಆದರೆ ಅವರು ತಿಳಿಸಿದ ಮಾತ್ರಕ್ಕೆ ಮನೆಯವರ ಹೊಣೆ ಮುಗಿಯುವುದಿಲ್ಲ.

ಎಲ್ಲಿ ನೋಂದಾಯಿಸಬೇಕು

ಜನನವನ್ನು ಮಗು ಹುಟ್ಟಿದ ಸ್ಥಳದಲ್ಲಿಯೇ ನೋಂದಾಯಿಸಬೇಕು; ತಂದೆ ತಾಯಿಯರ ವಾಸಸ್ಥಳದಲ್ಲಿ ಅಲ್ಲ. ಈ ಭಾಗದಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ಸಂಪ್ರದಾಯವಾಗಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು. ತುರುವೇಕೆರೆ ತಾಲ್ಲೂಕಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ಬಿಳಿಗೆರೆಯ ತವರುಮನೆಯಲ್ಲಿ ಹೆತ್ತರೆ ನೋಂದಣಿಯು ಬಿಳಿಗೆರೆಯ ವ್ಯಾಪ್ತಿಯಲ್ಲಿಯೇ ಆಗಬೇಕು. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ ಮೇಲೆ ಅಲ್ಲಿ ಅರ್ಜಿ ಸಲ್ಲಿಸಿದಲ್ಲಿ ಅದು ಸ್ವೀಕೃತವಾಗುವುದಿಲ್ಲ. ಅಷ್ಟರಲ್ಲಿ ಅವಧಿಯೂ ಮೀರಿರುತ್ತದೆ.

ಗ್ರಾಮಾಂತರ ಪ್ರದೇಶದಲ್ಲಿ 30 ದಿನಗಳೊಳಗಿನ ಜನನಗಳನ್ನು ಗ್ರಾಮ ಪಂಚಾಯಿತಿ ಕಾರ್ಯಾಲಯದಲ್ಲಿ ನೋಂದಾಯಿಸುವ ವ್ಯವಸ್ಥೆಯನ್ನು 2024ರಲ್ಲಿ ಜಾರಿಗೆ ತರಲಾಗಿದೆ. 30 ದಿನ ಮೀರಿದ ಪ್ರಕರಣಗಳಿಗಾಗಿ ಗ್ರಾಮ ಆಡಳಿತ ಅಧಿಕಾರಿಯವರನ್ನು (ಹಿಂದಿನ ಗ್ರಾಮ ಲೆಕ್ಕಿಗರು) ಸಂಪರ್ಕಿಸಬೇಕು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ವಾಹನದಲ್ಲಿಯೇ ಹೆರಿಗೆಯಾದಲ್ಲಿ, ವಾಹನವು ಮೊದಲು ನಿಂತ ಸ್ಥಳದಲ್ಲಿ ವಾಹನದ ಉಸ್ತುವಾರಿಯಲ್ಲಿರುವವರು ಮಾಹಿತಿ ನೀಡತಕ್ಕದ್ದು. ಹೀಗಾದಾಗ ಚಾಲಕರಿಂದ ಅಥವಾ ಆಂಬುಲೆನ್ಸ್ ಸಿಬ್ಬಂದಿಯಿಂದ ವಿವರವನ್ನು ಅಂದೇ ಬರೆಸಿಕೊಳ್ಳುವುದು ಒಳಿತು.

ಕಾಲಮಿತಿ

1. 21 ದಿನಗಳೊಳಗೆ: ಯಾವುದೇ ಶುಲ್ಕವಿರುವುದಿಲ್ಲ.
2. 21 ದಿನಗಳ ನಂತರ, 30 ದಿನಗಳೊಳಗೆ: ನಿಗದಿತ ವಿಳಂಬ ಶುಲ್ಕದೊಂದಿಗೆ ನೋಂದಾಯಿಸಬಹುದು.
3. 30 ದಿನಗಳ ನಂತರ, ಒಂದು ವರ್ಷದೊಳಗೆ: ನಿಯಮಗಳಲ್ಲಿ ಸೂಚಿಸಿದ ಪ್ರಾಧಿಕಾರಿಯ ಲಿಖಿತ ಅನುಮತಿ, ಸ್ವಯಂ ದೃಢೀಕೃತ ದಾಖಲೆ ಮತ್ತು ವಿಳಂಬ ಶುಲ್ಕ ಅಗತ್ಯ.
4. ಒಂದು ವರ್ಷದ ನಂತರ: ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯವರಿಂದ ಅಧಿಕೃತಗೊಂಡ ಕಾರ್ಯನಿರ್ವಾಹಕ ದಂಡಾಧಿಕಾರಿಯವರ ಆದೇಶ ಅಗತ್ಯ. ಮೇಲ್ಕಂಡ ಮೂರು ತಾಲ್ಲೂಕುಗಳಿಗೆ ಉಪವಿಭಾಗದ ಕೇಂದ್ರಸ್ಥಾನ ತಿಪಟೂರು.

ಮನೆಯ ಹೆರಿಗೆಯ ನಂತರ ಆಶಾ ಕಾರ್ಯಕರ್ತೆಯರು ಮೊದಲ ದಿನ ಹಾಗೂ 3, 7, 14, 21, 28 ಮತ್ತು 42ನೇ ದಿನಗಳಂದು ಬಾಣಂತಿ ಮತ್ತು ಮಗುವನ್ನು ನೋಡಲು ಮನೆಗೆ ಬರುತ್ತಾರೆ. 14ನೇ ದಿನದ ಭೇಟಿಯ ವೇಳೆಗೆ ನೋಂದಣಿ ಆಗಿರದಿದ್ದಲ್ಲಿ ಉಳಿದಿರುವುದು ಒಂದೇ ವಾರ ಎಂಬುದನ್ನು ಮನೆಯವರು ನೆನಪಿನಲ್ಲಿಡುವುದು ಸೂಕ್ತ.

ಮಗುವಿಗೆ ಹೆಸರಿಡದಿದ್ದರೂ ನೋಂದಣಿ ಸಾಧ್ಯ

ನೋಂದಣಿ ವಿಳಂಬವಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಪುರುಡು ಕಳೆಯಲಿ, ನಾಮಕರಣವಾಗಲಿ, ಆಮೇಲೆ ಬರೆಸೋಣ ಎಂದು ಹಿರಿಯರು ಹೇಳುವುದುಂಟು. ಕೆಲವು ಮನೆಗಳಲ್ಲಿ ನಾಮಕರಣವು ಮೂರನೆಯ ಅಥವಾ ಐದನೆಯ ತಿಂಗಳಿಗೆ ಹೋಗುತ್ತದೆ. ಕಾನೂನು ಈ ಸಂಪ್ರದಾಯಕ್ಕೆ ಅವಕಾಶ ಕಲ್ಪಿಸಿದೆ. ಹೆಸರಿನ ಅಂಕಣವನ್ನು ಖಾಲಿ ಬಿಟ್ಟು ಜನನವನ್ನು ನೋಂದಾಯಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅದರ ನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕ ನೀಡಿ ಸೇರಿಸಬಹುದು. ಹೆಸರು ಕಾಯಬಹುದು, ನೋಂದಣಿ ಕಾಯಲಾಗದು.

ನೋಂದಣಿಯ ವಿಧಾನ

1. ಗ್ರಾಮ ಪಂಚಾಯಿತಿ ಕಾರ್ಯಾಲಯದಲ್ಲಿ ನಮೂನೆ-1 (ಜನನ ವರದಿ) ಪಡೆದು ಭರ್ತಿ ಮಾಡತಕ್ಕದ್ದು. ಬರೆಯಲು ಬಾರದವರು ಮೌಖಿಕವಾಗಿ ಮಾಹಿತಿ ನೀಡಿ, ಬರೆದುದನ್ನು ಓದಿಸಿ ಕೇಳಿ, ಹೆಬ್ಬೆಟ್ಟಿನ ಗುರುತು ಹಾಕಬಹುದು.
2. ಜನನದ ದಿನಾಂಕ, ಲಿಂಗ, ತಂದೆ ತಾಯಿಯರ ಹೆಸರು, ವಿಳಾಸ ಮತ್ತು ಜನನ ಸ್ಥಳವನ್ನು ನಮೂದಿಸಬೇಕು. ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೆರಿಗೆಯಾಗಿದ್ದಲ್ಲಿ ದಿನಾಂಕವನ್ನು ಗಡಿಯಾರದ ಪ್ರಕಾರ ಬರೆಸಬೇಕು. ಪಂಚಾಂಗದ ದಿನವು ಸೂರ್ಯೋದಯದಿಂದ ಆರಂಭವಾಗುವುದರಿಂದ ಜಾತಕದ ದಿನ ಬೇರೆಯಾಗಿರಬಹುದು.
3. ಜನನ ಸ್ಥಳದ ಅಂಕಣದಲ್ಲಿ ‘ಮನೆ’ ಎಂದು ಬರೆದು ಪೂರ್ಣ ವಿಳಾಸ ಕೊಡಬೇಕು. ತೋಟದ ಮನೆಯಾಗಿದ್ದಲ್ಲಿ ಅದು ಸೇರಿರುವ ಗ್ರಾಮದ ಹೆಸರನ್ನು ತಪ್ಪದೆ ಬರೆಸಬೇಕು.
4. ಹೆರಿಗೆಗೆ ದೊರೆತ ನೆರವಿನ ಅಂಕಣದಲ್ಲಿ ವೈದ್ಯರು, ದಾದಿ, ಸೂಲಗಿತ್ತಿ, ಸಂಬಂಧಿಕರು ಇವರಲ್ಲಿ ಯಾರು ನೆರವಾದರೋ ಅದನ್ನೇ ಬರೆಸಬೇಕು.
5. ತಂದೆ ತಾಯಿಯರ ಮತ್ತು ಮಾಹಿತಿದಾರರ ಗುರುತಿನ ದಾಖಲೆ (ಇದ್ದಲ್ಲಿ ಆಧಾರ್ ಸಂಖ್ಯೆ), ತಾಯಿ ಕಾರ್ಡ್ ಹಾಗೂ ವಿಳಾಸದ ದಾಖಲೆಯನ್ನು ಜೊತೆಯಲ್ಲಿ ತರುವುದು ಅನುಕೂಲ.
6. ನೋಂದಣಿ ಪೂರ್ಣಗೊಂಡ 7 ದಿನಗಳೊಳಗೆ ಮೊದಲ ಪ್ರಮಾಣ ಪತ್ರವನ್ನು ಮಾಹಿತಿದಾರರಿಗೆ ಉಚಿತವಾಗಿ ನೀಡಲಾಗುವುದು.

ತಂದೆ ತಾಯಿಯರ ಹೆಸರು ಅವರ ಇತರ ದಾಖಲೆಗಳಲ್ಲಿ ಇರುವಂತೆಯೇ ಇರಬೇಕು. ಒಂದೆಡೆ ಮನೆತನದ ಹೆಸರು, ಮತ್ತೊಂದೆಡೆ ಇನಿಷಿಯಲ್ ಮಾತ್ರ ಇದ್ದಲ್ಲಿ ಮುಂದೆ ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ. ಸಹಿ ಮಾಡುವ ಮೊದಲು ಪ್ರತಿಯೊಂದು ಅಕ್ಷರವನ್ನೂ ಪರಿಶೀಲಿಸತಕ್ಕದ್ದು.

ಅರ್ಜಿದಾರರ ಸಾಮಾನ್ಯ ಸಂದೇಹಗಳು

ಮನೆಯಲ್ಲಿ ಹೆರಿಗೆಯಾದುದು ಅಪರಾಧವೇ?
ಅಲ್ಲ. ಮನೆಯಲ್ಲಿ ಹೆರಿಗೆಯಾಯಿತೆಂಬ ಕಾರಣಕ್ಕೆ ಕುಟುಂಬದವರಿಗೆ ದಂಡವಿಲ್ಲ. ಈ ಅಳುಕಿನಿಂದ ಮಗು ಆಸ್ಪತ್ರೆಯಲ್ಲಿ ಹುಟ್ಟಿತೆಂದು ಬರೆಸಬಾರದು. ತಿಳಿದೂ ತಿಳಿದು ಸುಳ್ಳು ಮಾಹಿತಿ ನೀಡುವುದು ಅಪರಾಧವಾಗುತ್ತದೆ. ಸಕಾರಣವಿಲ್ಲದೆ ಮಾಹಿತಿಯನ್ನೇ ನೀಡದಿರುವುದಕ್ಕೆ ₹250ರವರೆಗೆ ದಂಡ ವಿಧಿಸಲು ಅವಕಾಶವಿದೆ.

ಆಸ್ಪತ್ರೆಯ ಚೀಟಿ ಇಲ್ಲದೆ ಜನನವನ್ನು ಹೇಗೆ ತೋರಿಸುವುದು?
ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ಭೇಟಿಯ ದಾಖಲೆ, ಅಂಗನವಾಡಿಯ ವಹಿ ಮತ್ತು ಲಸಿಕೆಯ ನಮೂದು ಸಹಾಯಕವಾಗುತ್ತವೆ. ಗರ್ಭಿಣಿಯ ಹೆಸರನ್ನು ಮೊದಲೇ ಆರೋಗ್ಯ ಉಪಕೇಂದ್ರದಲ್ಲಿ ಬರೆಸಿದ್ದಲ್ಲಿ ಈ ದಾಖಲೆಗಳು ಸುಲಭವಾಗಿ ದೊರೆಯುತ್ತವೆ.

ಮಗು ಹುಟ್ಟಿ ಕೆಲವು ಗಂಟೆಗಳಲ್ಲಿ ತೀರಿಕೊಂಡಿದ್ದರೆ?
ಜೀವಂತವಾಗಿ ಹುಟ್ಟಿದ ಮಗು ಸ್ವಲ್ಪ ಕಾಲ ಮಾತ್ರ ಬದುಕಿದ್ದರೂ ಜನನ ಮತ್ತು ಮರಣ ಎರಡನ್ನೂ ನೋಂದಾಯಿಸಬೇಕು. ಮಗು ಮೃತವಾಗಿಯೇ ಹುಟ್ಟಿದ್ದಲ್ಲಿ ಅದಕ್ಕೆ ಪ್ರತ್ಯೇಕ ನಮೂನೆಯಿದೆ. ದುಃಖದ ಸಮಯದಲ್ಲಿ ಮನೆಯವರ ಪರವಾಗಿ ಹತ್ತಿರದ ಬಂಧುಗಳು ಈ ಕೆಲಸದಲ್ಲಿ ನೆರವಾಗುವುದು ಒಳಿತು.

ಹಲವು ವರ್ಷಗಳ ಹಿಂದೆ ಮನೆಯಲ್ಲಿ ಜನಿಸಿದವರು ಏನು ಮಾಡಬೇಕು?
ಮೊದಲು ಹಳೆಯ ಜನನ ರಿಜಿಸ್ಟರಿನಲ್ಲಿ ಹುಡುಕಿಸಬೇಕು. ನಮೂದು ಇದ್ದರೆ ಪ್ರತಿ ದೊರೆಯುತ್ತದೆ. ಇಲ್ಲದಿದ್ದಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣ ಪತ್ರವನ್ನು (ನಮೂನೆ-10) ಪಡೆದು, ಇತರ ದಾಖಲೆಗಳೊಂದಿಗೆ ದಂಡಾಧಿಕಾರಿಯವರ ಆದೇಶಕ್ಕಾಗಿ ಅರ್ಜಿ ಸಲ್ಲಿಸಬೇಕು.

ನೋಂದಣಿಗೆ ನಿರಾಕರಿಸಿದರೆ?
ನೋಂದಣಾಧಿಕಾರಿಯ ಆದೇಶದ ವಿರುದ್ಧ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ.

ನೋಂದಣಿಯಿಂದ ಸಿಗುವ ಇತರ ಸೌಲಭ್ಯಗಳಿವೆಯೇ?
ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ಸಂಬಂಧಿಸಿದ ಸಹಾಯಧನದ ಕೊನೆಯ ಕಂತು ದೊರೆಯಲು ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಎರಡೂ ಆಗಿರಬೇಕು.

ತಾಯಿ ಮತ್ತು ಮಗುವಿನ ಸುರಕ್ಷತೆ

ನೋಂದಣಿಗೆ 21 ದಿನಗಳಿವೆ. ತಾಯಿಯ ಜೀವ ಉಳಿಸಲು ಕೆಲವೊಮ್ಮೆ ಒಂದು ಗಂಟೆಯೂ ಇರುವುದಿಲ್ಲ. ನೋವು ಆರಂಭವಾದ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಆರೋಗ್ಯ ಕವಚ ಎಂಬ ಈ ಉಚಿತ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಲ್ಲಿ ಆರಂಭವಾಯಿತು. ತೋಟದ ಮನೆಯವರು ಮುಖ್ಯ ರಸ್ತೆಯಲ್ಲಿ ಒಬ್ಬರನ್ನು ಬ್ಯಾಟರಿಯೊಂದಿಗೆ ನಿಲ್ಲಿಸಿದರೆ ವಾಹನ ದಾರಿ ತಪ್ಪುವುದಿಲ್ಲ.

ಹೆರಿಗೆ ಮನೆಯಲ್ಲಿಯೇ ಆಗಿಹೋದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ರಕ್ತಸ್ರಾವ ನಿಲ್ಲದಿರುವುದು, ಅರ್ಧ ಗಂಟೆಯಾದರೂ ಮಾಸು ಬೀಳದಿರುವುದು, ತಾಯಿಗೆ ಫಿಟ್ಸ್ ಅಥವಾ ಜ್ವರ ಬರುವುದು, ಮಗು ಅಳದಿರುವುದು ಅಥವಾ ಹಾಲು ಕುಡಿಯದಿರುವುದು ಇವು ಅಪಾಯದ ಸೂಚನೆಗಳು. ಹೊಕ್ಕುಳಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಮಗುವನ್ನು ಒರೆಸಿ ಬೆಚ್ಚಗಿಟ್ಟು ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲನ್ನು ಕುಡಿಸಬೇಕು. ಹೆಪಟೈಟಿಸ್-ಬಿ ಲಸಿಕೆಯ ಮೊದಲ ಚುಚ್ಚುಮದ್ದನ್ನು 24 ಗಂಟೆಗಳೊಳಗೆ ಹಾಕಿಸಬೇಕಾಗಿರುವುದರಿಂದ ಆಶಾ ಕಾರ್ಯಕರ್ತೆಗೆ ಅಂದೇ ವಿಷಯ ತಿಳಿಸತಕ್ಕದ್ದು. ಆ ಒಂದು ಭೇಟಿಯಿಂದ ಲಸಿಕೆಗೂ ದಾರಿಯಾಗುತ್ತದೆ, ಜನನಕ್ಕೆ ಮೊದಲ ಲಿಖಿತ ದಾಖಲೆಯೂ ದೊರೆಯುತ್ತದೆ.

ಸೂಚನೆ

ಶುಲ್ಕದ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಪಾವತಿಸುವ ಮೊದಲು ಸಂಬಂಧಪಟ್ಟ ಕಾರ್ಯಾಲಯದಲ್ಲಿ ವಿಚಾರಿಸಿ, ಪಾವತಿಸಿದ ಹಣಕ್ಕೆ ರಸೀದಿ ಪಡೆಯತಕ್ಕದ್ದು. ಮಧ್ಯವರ್ತಿಗಳನ್ನು ಆಶ್ರಯಿಸುವ ಅಗತ್ಯವಿರುವುದಿಲ್ಲ.