ಸಂಜೆಗೆ ಏರುವ ಸಕ್ಕರೆ

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ವೆನ್ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು. ಅದು ಹುಟ್ಟಿದ ಕಾಲಕ್ಕೆ ಸಿಹಿಮೂತ್ರ ರೋಗಕ್ಕೆ ತಕ್ಕ ಮದ್ದಿರಲಿಲ್ಲ. ಇನ್ಸುಲಿನ್ ಬಂದದ್ದು 1922ರಲ್ಲಿ. ಮದ್ದಿನಿಂದಲೇ ಬರುವ ಸಿಹಿಮೂತ್ರದ ಕಥೆ ಅದಕ್ಕೂ ಈಚಿನದು.

1948ರಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಸಂಧಿವಾತದಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಕೊಡಿಸಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ. ಇದೇ ದ್ರವ್ಯವು ಇಲಿಗಳ ಮೂತ್ರದಲ್ಲಿ ಸಕ್ಕರೆ ಬರಿಸುವುದನ್ನು ಡ್ವೈಟ್ ಇಂಗಲ್ 1941ರಲ್ಲೇ ತೋರಿಸಿದ್ದರು. ಜಯಘೋಷದ ನಡುವೆ ಆ ಮಾತು ಎಷ್ಟು ಜನರ ಕಿವಿಗೆ ಬಿದ್ದೀತು!

2020ರ ಜೂನ್‌ನಲ್ಲಿ ಬ್ರಿಟನ್ನಿನ ವೈದ್ಯರು, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ 10 ದಿನ, ಪ್ರಾಣ ಉಳಿಸಬಲ್ಲುದೆಂದು ಸಾರಿದರು. ಮರುವರ್ಷದ ಎರಡನೆಯ ಅಲೆಯಲ್ಲಿ ನಮ್ಮ ದೇಶದ ಎಷ್ಟೋ ಕಡೆ ಈ ಅಳತೆ ಮರೆತುಹೋಯಿತು. ಬೆನ್ನಿಗೇ ಕಪ್ಪು ಶಿಲೀಂಧ್ರ. ಏರಿದ ಸಕ್ಕರೆ ಅದಕ್ಕೆ ಗೊಬ್ಬರವಾಯಿತು. ವೆನ್ಲಾಕೂ ಸೇರಿ ಮಂಗಳೂರಿನ ಆಸ್ಪತ್ರೆಗಳು ಅಂಥ ರೋಗಿಗಳನ್ನು ಕಂಡವು.

ಈ ಸಕ್ಕರೆಯದು ಕಳ್ಳಹೆಜ್ಜೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಅದನ್ನು ಏರಿಸುವುದು ಮಧ್ಯಾಹ್ನದ ಮೇಲೆ. ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿದವರು ಮೋಸಹೋಗುತ್ತಾರೆ. ಕುಚ್ಚಲಕ್ಕಿ ಅನ್ನ ಉಂಡು ಎರಡು ಗಂಟೆಯ ಮೇಲೂ ನೋಡಿಸಬೇಕು. ಹಾಗೆಂದು ಹೆದರಿ ಸ್ಟಿರಾಯ್ಡನ್ನು ತಟ್ಟನೆ ಬಿಡುವುದು ಇನ್ನೂ ಅಪಾಯ. ಬಹುದಿನ ಮಲಗಿದ್ದ ದೇಹದ ಗ್ರಂಥಿ ಕೂಡಲೇ ಏಳುವುದಿಲ್ಲ. ವೈದ್ಯರು ಅದನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಜೊತೆಗೆ ಇನ್ಸುಲಿನ್ನನ್ನೂ ಇಳಿಸದಿದ್ದರೆ, ನಿನ್ನೆ ಏರಿದ್ದ ಸಕ್ಕರೆ ಇಂದು ಒಮ್ಮೆಲೇ ಕುಸಿದೀತು.