ಕಣಕುಂಬಿ: ಹನ್ನೆರಡು ವರ್ಷಕ್ಕೊಮ್ಮೆ ತುಂಬುವ ಊರು

ಬೆಳಗಾವಿಯಿಂದ ಪೀರನವಾಡಿ, ಕಿಣಯೆ, ಕುಸಮಳಿ ದಾಟಿ ಜಾಂಬೋಟಿಗೆ ಬಂದರೆ ಅಲ್ಲಿಂದ ಪಶ್ಚಿಮಕ್ಕೆ 16 ಕಿಲೋಮೀಟರ್ ಕಣಕುಂಬಿ. ಅದೇ ರಸ್ತೆ ಮುಂದೆ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿದೆ. ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ. 2011ರ ಜನಗಣತಿಯಲ್ಲಿ ತಾಲ್ಲೂಕಿನ ಜನಸಂಖ್ಯೆ ಎರಡೂವರೆ ಲಕ್ಷ ಮುಟ್ಟಿತ್ತು. ಬೆಳಗಾವಿ ಮಹಾನಗರದ್ದು ಸುಮಾರು 4.88 ಲಕ್ಷ, ಕಂಟೋನ್ಮೆಂಟ್ ಮತ್ತು ನಗರಕ್ಕೆ ಅಂಟಿಕೊಂಡ ಊರುಗಳನ್ನು ಕೂಡಿಸಿದರೆ 6.10 ಲಕ್ಷ. ಸರ್ಕಾರಿ ಅಂಕಿ ಇಷ್ಟು ಸಾಕು. ತಾಲ್ಲೂಕಿನ ಮತ್ತು ನಗರದ ಈ ಅಂಕಿಗಳ ನಡುವೆ ಕಣಕುಂಬಿಯ ಜನ ಎಲ್ಲಿ ಕೂತಿದ್ದಾರೆ ಎಂಬುದೇ ನನಗೆ ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಊರಿಗೆ ಹೋದವರು ಮೊದಲು ನೋಡುವುದು ಮಾವುಲಿ ದೇವಿಯ ಗುಡಿ. ಗುಡಿಯ ಮಗ್ಗುಲಿನ ತೀರ್ಥವೇ ಮಲಪ್ರಭೆಯ ಹುಟ್ಟು. ಹತ್ತಿರದಲ್ಲೇ ರಾಮೇಶ್ವರನಿದ್ದಾನೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ‘ಇಷ್ಟೇನಾ’ ಎನಿಸಬಹುದು. ಆದರೆ ಇಲ್ಲಿಂದ ಹೊರಟ ನೀರು ಖಾನಾಪುರದ ಬದಿಯಲ್ಲಿ ಹಾದು, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ತುಂಬಿಸಿ, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹೊರಳಿ, ಐಹೊಳೆ ಮುಟ್ಟಿ, ಒಟ್ಟು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರೇಣುಕೆ ದಿನಾ ಮರಳಿನ ಕೊಡ ಮಾಡಿ ನೀರು ತರುತ್ತಿದ್ದದ್ದು ಈ ಹೊಳೆಯಿಂದ. ಪರಶುರಾಮ ಕೊಡಲಿ ತೊಳೆದದ್ದು ಈ ಹೊಳೆಯಲ್ಲಿ. ಬಾದಾಮಿ ಚಾಲುಕ್ಯರು ಕಲ್ಲು ಕಡೆದು ಗುಡಿ ನಿಲ್ಲಿಸಿದ್ದು ಇದರ ದಂಡೆಯ ಮೇಲೆ. ಇವತ್ತು ಹುಬ್ಬಳ್ಳಿ–ಧಾರವಾಡದ ಮನೆಗಳ ನಲ್ಲಿಯಲ್ಲಿ ಬರುವುದೂ ಇದೇ ನೀರು. ಕರ್ನಾಟಕದ ಚರಿತ್ರೆ ಬರೆಯುವವರು ಕೂಡಲಸಂಗಮದಿಂದ ಹೊಳೆಯ ಗುಂಟ ಹಿಂದಕ್ಕೆ ನಡೆದು ಬಂದರೆ ಕೊನೆಗೆ ನಿಲ್ಲುವ ಊರು ಕಣಕುಂಬಿ. ಈ ಅಭಿಮಾನವನ್ನು ನಾನು ಯಾರೆದುರೂ ಮುಚ್ಚಿಡುವುದಿಲ್ಲ.

ಊರಿನ ನೆಲವೇ ಒಂದು ಎಲ್ಲೆ. ಪೂರ್ವಕ್ಕೆ ಬಿದ್ದ ಮಳೆ ಮಲಪ್ರಭೆಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕಳಸಾ ನಾಲೆಯ ದಾರಿ ಹಿಡಿದು ಮಹದಾಯಿಗೆ ಸೇರಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಅರಬ್ಬಿ ಸಮುದ್ರ ಕಾಣುತ್ತದೆ. ಮಳೆಯೆಂದರೆ ಸಾಧಾರಣ ಮಳೆಯಲ್ಲ. ಇದೇ ತಾಲ್ಲೂಕಿನ ಕಾಡಿನೊಳಗಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿತ್ತು.

ಈ ಭಾಗವನ್ನು ಸರ್ಕಾರಗಳು ಎಣಿಸಿಲ್ಲ ಎನ್ನುವ ಹಾಗಿಲ್ಲ. ಬಹಳ ಸಲ ಎಣಿಸಿವೆ. ಆದರೆ ಯಾಕಾಗಿ ಎಣಿಸಿದವು ಎಂದು ಕೇಳಬೇಕು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಕೊಟ್ಟಾಗ ಮರಾಠಿ ಮಾತಾಡುವವರ ಶೇಕಡಾವಾರು ನೋಡಿ ಚಂದಗಡ ತಾಲ್ಲೂಕನ್ನು ಬೆಳಗಾವಿ ಜಿಲ್ಲೆಯಿಂದ ಬಿಡಿಸಿ ಮುಂಬಯಿ ರಾಜ್ಯದಲ್ಲೇ ಉಳಿಸಲು ಹೇಳಿತು. ಮಿಕ್ಕ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರಿಗೆ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ, ನಿಪ್ಪಾಣಿ, ನಂದಗಡದಂಥ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಈ ಎಲ್ಲ ಕಡತಗಳಲ್ಲೂ ನಮ್ಮ ಜನ ಇದ್ದಾರೆ. ಇಷ್ಟು ಮಂದಿ ಕನ್ನಡ, ಇಷ್ಟು ಮಂದಿ ಮರಾಠಿ ಎಂದು ಇದ್ದಾರೆ. ಎಷ್ಟು ಮನೆಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ, ಎಷ್ಟು ಮಕ್ಕಳು ಮಳೆಗಾಲದಲ್ಲಿ ಶಾಲೆ ತಪ್ಪಿಸುತ್ತಾರೆ, ಹೆರಿಗೆಗೆ ಎಷ್ಟು ದೂರ ಹೋಗಬೇಕು ಎಂಬ ಲೆಕ್ಕಕ್ಕೆ ಆ ಕಡತಗಳಲ್ಲಿ ಜಾಗವಿರಲಿಲ್ಲ.

ಆಮೇಲೆ ಬಂದದ್ದು ನೀರಿನ ಎಣಿಕೆ. ಕಳಸಾ–ಬಂಡೂರಿ ಯೋಜನೆಗೆ 2006ರಲ್ಲಿ ಕಣಕುಂಬಿಯಲ್ಲಿ ಶಂಕುಸ್ಥಾಪನೆಯಾಯಿತು. ಕಳಸಾದ ನೀರನ್ನು ಮಲಪ್ರಭೆಗೆ ತಿರುಗಿಸುವ ಕಾಲುವೆಗಾಗಿ ಊರ ನೆಲ ಅಗೆದರು. ಈ ನೀರಿನ ಜಗಳ ತೀರಿಸಲು 2010ರಲ್ಲಿ ಮಹದಾಯಿ ನ್ಯಾಯಮಂಡಳಿ ರಚನೆಯಾಯಿತು. ಅದು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ. 2020ರಲ್ಲಿ ತೀರ್ಪಿನ ಅಧಿಸೂಚನೆ ಹೊರಬಿತ್ತು, 2022ರ ಕೊನೆಗೆ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಈ ನೀರಿಗಾಗಿ ನರಗುಂದ, ನವಲಗುಂದದ ರೈತರು 2015ರಿಂದ ಬಿಸಿಲಲ್ಲಿ ಕೂತು ಕೇಳಿದ್ದು ನ್ಯಾಯವಾದದ್ದೇ. ಅವರ ಬಾಯಾರಿಕೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ನೀರನ್ನು ದಶಾಂಶದ ಎರಡನೇ ಸ್ಥಾನದವರೆಗೆ ಅಳೆದ ನಾಡು, ಆ ನೀರು ಹುಟ್ಟುವ ಊರಿನ ಮನುಷ್ಯರನ್ನು ಅಷ್ಟೇ ನಿಗಾ ಇಟ್ಟು ಎಣಿಸಲಿಲ್ಲ. ಮಂತ್ರಿಗಳು, ಶಾಸಕರು, ತಜ್ಞರು ಎಷ್ಟೋ ಸಲ ಬಂದರು. ಕಾಲುವೆ ನೋಡಿದರು, ನಕಾಶೆ ಬಿಚ್ಚಿದರು, ಫೋಟೋ ತೆಗೆಸಿಕೊಂಡು ಹೊರಟರು. ಮಗ್ಗುಲ ಓಣಿಯಲ್ಲಿ ಬೀಗ ಬಿದ್ದ ಮನೆಗಳನ್ನು ಯಾರೂ ನೋಡಲಿಲ್ಲ.

ಊರಿನಲ್ಲಿ ಮತ್ತು ಸುತ್ತಲಿನ ಕಾಡಿನಲ್ಲಿ ಯಾರಿದ್ದಾರೆ? ಮರಾಠರು, ಕುಣಬಿಗಳು ಇದ್ದಾರೆ. ಎಮ್ಮೆ ಕಟ್ಟಿಕೊಂಡು ಗವಳಿವಾಡಾಗಳಲ್ಲಿ ಇರುವ ಧನಗರ ಗವಳಿಗಳಿದ್ದಾರೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಅವರ ಬೇಡಿಕೆ ಹಳೆಯದು. ಮನೆಮಾತು ಹೆಚ್ಚಾಗಿ ಮರಾಠಿ, ಘಟ್ಟದಂಚಿನಲ್ಲಿ ಕೊಂಕಣಿಯ ಬಳಕು, ಕಚೇರಿ ಮತ್ತು ಬಸ್ಸಿನಲ್ಲಿ ಕನ್ನಡ. ತಾಲ್ಲೂಕಿನ ಪೂರ್ವದ ಇಟಗಿ, ಬೀಡಿ, ಕಕ್ಕೇರಿ ಕಡೆ ಹೋದರೆ ಕನ್ನಡವೇ ಕನ್ನಡ. ಭತ್ತ, ರಾಗಿ, ಗೋಡಂಬಿ. ಬೇಸಾಯದ ಬಗ್ಗೆ ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಬೇಸಾಯ ಈಗ ಇಲ್ಲಿಯ ಮನೆಗಳನ್ನು ವರ್ಷವಿಡೀ ಸಾಕುವುದಿಲ್ಲ.

ಸುಗ್ಗಿ ಮುಗಿಯಿತೆಂದರೆ ಊರು ಸಡಿಲವಾಗುತ್ತದೆ. ಕೆಲವರು ಘಟ್ಟ ಇಳಿದು ಗೋವೆಗೆ ಹೋಗುತ್ತಾರೆ: ಗೋಡಂಬಿ ತೋಟ, ಹೋಟೆಲು, ಕಟ್ಟಡದ ಕೆಲಸ. ಉಳಿದವರು ಬೆಳಗಾವಿಗೆ. ಉದ್ಯಮಬಾಗದ ಫೌಂಡ್ರಿಗಳು, ಮಚ್ಛೆಯ ಕಾರ್ಖಾನೆಗಳು, ಬೇಕರಿ, ಚಹಾದಂಗಡಿ, ವಾಚಮನ್ ಕೆಲಸ, ಹೆಣ್ಣುಮಕ್ಕಳಿಗೆ ನಾಲ್ಕು ಮನೆಯ ಮುಸುರೆ. ಅನಗೋಳ, ವಡಗಾವಿ, ಪೀರನವಾಡಿ ಕಡೆ ಒಂದು ಕೋಣೆ ಹಿಡಿದರೆ ಊರಿನ ಇನ್ನೂ ನಾಲ್ಕು ಮಂದಿ ಅದರ ಹಿಂದೆಯೇ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಬದಲಾಯಿತು. ಬೆಳಗಾವಿಯ ಬಸ್ಸಿಗೆ ದುಡ್ಡಿಲ್ಲ. ಗೋವೆಯ ಬಸ್ಸಿಗೆ ಪೂರಾ ಟಿಕೆಟ್. ಹೀಗಾಗಿ ನಗರದಲ್ಲಿ ದುಡಿದು ವಾರಕ್ಕೊಮ್ಮೆ ಅತ್ತೆಗೆ ಗುಳಿಗೆ ಮುಟ್ಟಿಸಿ ಬರುವುದು ಈಗ ಸಾಧ್ಯವಾಗಿದೆ. ಇಂಥ ಸೊಸೆಯನ್ನು ಹಳ್ಳಿಯವಳೆಂದು ಬರೆಯಬೇಕೋ ನಗರದವಳೆಂದೋ?

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿಯನ್ನು ಕೇಳಿದ್ದೆ.

“ಆಯಿ, ಮನ್ಯಾಗ ಎಷ್ಟು ಮಂದಿ ಅದೀರಿ?”

“ಯಾವ ಮನ್ಯಾಗ ತಮ್ಮಾ? ಇಲ್ಲಿ ನಾನು, ಮುದುಕ. ಬೆಳಗಾಂವದಾಗ ಹಿರೇ ಮಗಾ, ಸೊಸಿ, ಎರಡು ಹುಡುಗ್ರು. ಸಣ್ಣಾಂವ ಮಡಗಾಂವಕ್ಕ. ಎಲ್ಲಾ ಕೂಡಿ ಒಂದ ಮನಿ.”

ಆಯಿಯ ಲೆಕ್ಕವೇ ಸರಿ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಪುರಾವೆಯೂ ಊರಿನಲ್ಲೇ ಇದೆ.

ಮಾವುಲಿಯ ದೊಡ್ಡ ಜಾತ್ರೆ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಗೋವೆಯ ಮತ್ತು ಮಹಾರಾಷ್ಟ್ರದ ಗಡಿ ಊರುಗಳ ದೇವಿಯರು ಪಲ್ಲಕ್ಕಿ ಏರಿ ಇಲ್ಲಿಗೆ ಬಂದು ತೀರ್ಥ ಮೀಯುತ್ತಾರೆ. ಅಕ್ಕತಂಗಿಯರು ತೌರಿಗೆ ಬಂದ ಹಾಗೆ ಎಂಬುದು ಜನರ ಭಾವನೆ. 1956ರಲ್ಲಿ ಗೆರೆ ಎಳೆದವರು ಚಂದಗಡದ ಕಡೆಯ ಬಂಧುಗಳನ್ನು ಒಂದು ರಾಜ್ಯಕ್ಕೆ, ಇಲ್ಲಿಯವರನ್ನು ಇನ್ನೊಂದಕ್ಕೆ ಹಾಕಿದರು; 1961ರವರೆಗೆ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ದೇವಿಯರ ನಂಟು ಈ ಯಾವ ಗೆರೆಯನ್ನೂ ಲೆಕ್ಕಕ್ಕಿಟ್ಟುಕೊಂಡಿಲ್ಲ. ಜಾತ್ರೆಗೆ ಊರವರೆಲ್ಲ ಬರಲೇಬೇಕು. ಗೋವೆಯವರು ರಜೆ ಹಾಕುತ್ತಾರೆ, ರಜೆ ಸಿಗದವರು ಕೆಲಸ ಬಿಡುತ್ತಾರೆ. ಬೀಗ ಬಿದ್ದ ಮನೆಗಳು ಸಾರಿಸಿಕೊಳ್ಳುತ್ತವೆ. ಮನೆಗಿಷ್ಟು ಎಂದು ಪಟ್ಟಿ ಹಾಕುವುದು ಈ ಭಾಗದ ಜಾತ್ರೆಗಳ ಪದ್ಧತಿ. ಆ ಪಟ್ಟಿಯಲ್ಲಿ ನಗರದಲ್ಲಿರುವ ಮಗನ ಹೆಸರು ಬಿಟ್ಟುಹೋಗುವುದಿಲ್ಲ, ಬಿಟ್ಟರೆ ಅವನಿಗೇ ಅವಮಾನ. ಹಾಗೆ ನೋಡಿದರೆ ಕಣಕುಂಬಿಯ ಪೂರ್ತಿ ಜನಸಂಖ್ಯೆ ಕಣ್ಣಿಗೆ ಕಾಣುವುದು ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ.

ಮತದಾರರ ಪಟ್ಟಿ, ಪಡಿತರ ಚೀಟಿ, ಶಾಲೆಯ ಹಾಜರಿ, ಜಾತ್ರೆಯ ಪಟ್ಟಿ ಇವನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುವುದು ನನ್ನ ಹವ್ಯಾಸ. ನಾಲ್ಕರಲ್ಲೂ ನಾಲ್ಕು ಊರು ಕಾಣುತ್ತವೆ. ಮತದಾರರ ಪಟ್ಟಿಯಲ್ಲಿ ಊರು ತುಂಬಿದೆ, ಶಾಲೆಯ ಹಾಜರಿಯಲ್ಲಿ ತೆಳುವಾಗಿದೆ. ಜನಗಣತಿಯ ನಿಯಮ ಇನ್ನೂ ಬೇರೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನವೂ ಊರಲ್ಲಿ ಇಲ್ಲದವನನ್ನು ಆ ಊರಲ್ಲಿ ಬರೆಯುವಂತಿಲ್ಲ. ಫೆಬ್ರುವರಿ ಎಂದರೆ ಕಣಕುಂಬಿಯವರು ಊರು ಬಿಟ್ಟಿರುವ ಕಾಲ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರಿನ ಆಧಾರದಲ್ಲಿ ಮನೆಗಳನ್ನು ಗುರುತಿಸಿದರು. ಹಳ್ಳಿಯಲ್ಲಿ ಮೀಟರ್ ಇದೆ, ಬಾಗಿಲಿಗೆ ಬೀಗ. ನಗರದ ಚಾಳಿನಲ್ಲಿ ಐದು ಸಂಸಾರಕ್ಕೆ ಒಂದೇ ಮೀಟರ್. ಎರಡೂ ಕಡೆ ತಪ್ಪಿಸಿಕೊಳ್ಳುವುದು ಒಂದೇ ಕುಟುಂಬ.

ಇದರಿಂದೇನು ನಷ್ಟ ಎಂದರೆ, ಸೇವೆಗಳೆಲ್ಲ ತಲೆ ಎಣಿಸಿ ಬರುತ್ತವೆ. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಉಪಕೇಂದ್ರಕ್ಕೆ 5,000, ಗುಡ್ಡಗಾಡಾದರೆ 3,000. ನಗರದಲ್ಲಾದರೆ 50,000 ಜನಕ್ಕೊಂದು ಆರೋಗ್ಯ ಕೇಂದ್ರ. ಊರು ಬರಿದಾದಷ್ಟೂ ಅಂಗನವಾಡಿ, ಶಾಲೆಗಳ ಮೇಲೆ ಕತ್ತಿ ತೂಗುತ್ತದೆ, ಉಳಿದವರ ಕಷ್ಟ ಮಾತ್ರ ಕಡಿಮೆಯಾಗುವುದಿಲ್ಲ. ತಲೆ ಕಡಿಮೆಯಾದರೂ ನರೆತ ತಲೆ ಹೆಚ್ಚಾಗಿರುತ್ತದೆ. ಮುದುಕರಿಗೆ ವೈದ್ಯರು ಹೆಚ್ಚು ಬೇಕು. ಅತ್ತ ನಗರದಲ್ಲಿ ಬಾಡಿಗೆ ಕೋಣೆಯ ಮಗುವಿಗೆ ವಿಳಾಸವಿಲ್ಲ, ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿಲ್ಲ. ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆ ಅರ್ಧ ಓದಿದ ಹುಡುಗನನ್ನು ವರ್ಷದ ನಡುವೆ ಯಾವ ಶಾಲೆಗೆ ಹಾಕಬೇಕೆಂದು ತಾಯಿಗೆ ತೋಚುವುದಿಲ್ಲ.

ಇದೇ ತಾಲ್ಲೂಕಿನ ಭೀಮಗಡ ಕಾಡಿನ ಜನರ ಪಾಡು ಇನ್ನೂ ಕಠಿಣ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನಲ್ಲಿ ಗವಾಳಿ, ಕೃಷ್ಣಾಪುರ, ಆಮಗಾಂವ, ತಳೇವಾಡಿಯಂಥ ಊರುಗಳಿವೆ. 2024ರ ಮಳೆಗಾಲದಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರವರು ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಮರುವರ್ಷ ತಳೇವಾಡಿಯ 27 ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಕಾಡಿನಿಂದ ಹೊರಬರಲು ಮುಂದಾದವು. ಅವರ ಊರ ಕತೆ, ದೇವರ ಹೆಸರು, ಗದ್ದೆಯ ಹೆಸರು ಬರೆದಿಡುವವರು ಬೇಗ ಹೋಗಬೇಕು.

ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಈ ತಾಲ್ಲೂಕಿನ ಸಿದ್ದಿಗಳೇ ಸಾಕ್ಷಿ. ಉತ್ತರ ಕನ್ನಡದಲ್ಲಿ ಅವರು ಪರಿಶಿಷ್ಟ ಪಂಗಡ. ಜಿಲ್ಲೆಯ ಗಡಿ ದಾಟಿ ಖಾನಾಪುರದ ಕಾಡಿಗೆ ಬಂದರೆ ಆ ಮಾನ್ಯತೆ ಇರಲಿಲ್ಲ. ಅದೇ ಜನ, ಅದೇ ಕಾಡು, ಅದೇ ಬಡತನ. 2020ರಲ್ಲಿ ಸಂಸತ್ತು ತಿದ್ದುಪಡಿ ಮಾಡಿದ ಮೇಲೆ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಅದು ಸಿಕ್ಕಿತು.

ಈಗ ಮತ್ತೊಂದು ಜನಗಣತಿಯ ಹೊತ್ತು. 2027ರ ಮಾರ್ಚ್ 1 ಲೆಕ್ಕದ ದಿನವೆಂದು ಕೇಂದ್ರ ಪ್ರಕಟಿಸಿದೆ, ಈ ಸಲ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ನನ್ನ ಕಳಕಳಿ ಅದರ ಒಂದು ಕೋಷ್ಟಕದ ಮೇಲೆ. ವಲಸೆಯ ಕೋಷ್ಟಕಗಳಲ್ಲಿ, ಬೇರೆ ರಾಜ್ಯದಿಂದ ಬಂದವರು, ಬೇರೆ ಜಿಲ್ಲೆಯಿಂದ ಬಂದವರು, ಇದೇ ಜಿಲ್ಲೆಯ ಬೇರೆ ಊರಿನಿಂದ ಬಂದವರು ಎಂದು ಬೇರ್ಪಡಿಸುತ್ತಾರೆ. ಕಣಕುಂಬಿಯಿಂದ ಅನಗೋಳಕ್ಕೆ ಬಂದವನೂ ಅಥಣಿಯಿಂದ ಬಂದವನೂ ಕೊನೆಯ ಆ ಒಂದೇ ಸಾಲಿನಲ್ಲಿ ಬೀಳುತ್ತಾರೆ. ಒಬ್ಬ ಕೃಷ್ಣಾ ತೀರದ ಕಬ್ಬಿನ ನಾಡಿನವನು, ಇನ್ನೊಬ್ಬ ಮಳೆಗಾಡಿನವನು. ಇಬ್ಬರ ಅಗತ್ಯ ಒಂದಲ್ಲ. ಬೆಳಗಾವಿ ಪಾಲಿಕೆ ತನ್ನ ವಾರ್ಡುಗಳಿಗೆ ಅಂಗನವಾಡಿ, ಆರೋಗ್ಯ ಕೇಂದ್ರ, ಹಾಸ್ಟೆಲು ಯೋಜಿಸುವಾಗ ಈ ಸಾಲನ್ನು ತಾಲ್ಲೂಕುವಾರು ಬಿಡಿಸಿ ನೋಡಬೇಕು. ಖಾನಾಪುರದ ತಾಲ್ಲೂಕು ಪಂಚಾಯಿತಿಯೂ ಬೀಗ ಬಿದ್ದ ಮನೆಯ ಮುಂದೆ ‘ಯಾರೂ ಇಲ್ಲ’ ಎಂದು ಬರೆದು ತಿರುಗದೆ, ಮನೆಯವರು ಎಲ್ಲಿಗೆ ಹೋಗಿದ್ದಾರೆ, ಯಾವ ತಿಂಗಳು ಮರಳುತ್ತಾರೆ ಎಂದು ಪಕ್ಕದ ಮನೆಯ ಆಯಿಯನ್ನು ಕೇಳಿ ಬರೆದುಕೊಳ್ಳಲಿ. ಅವಳಿಗೆ ಪ್ರತಿ ಮನೆಯ ಲೆಕ್ಕವೂ ಗೊತ್ತಿದೆ.