ವೃತ್ತಿಪರ ಪೋಕರ್ ಆಟಗಾರನೆಂದು ಹೇಳಿಕೊಳ್ಳುವವರ ಕೌಶಲವನ್ನು ಅಳೆಯುವ ಬಗೆ

ಇಸ್ಪೀಟಿನ 52 ಎಲೆಗಳಿಂದ ಪಣವೊಡ್ಡಿ ಆಡುವ ಪೋಕರ್‌ನಲ್ಲಿ ಕೌಶಲವೂ ಅದೃಷ್ಟವೂ ಬೆರೆತಿವೆ. ಆದುದರಿಂದ ತಾನು ವೃತ್ತಿಪರನೆಂದು ಸಾರಿಕೊಂಡು ತರಬೇತಿಯ ಶುಲ್ಕವನ್ನೋ ಆಟಕ್ಕೆ ಬಂಡವಾಳವನ್ನೋ ಕೇಳುವವರ ಮಾತನ್ನು ಪರೀಕ್ಷಿಸಲು ನೆರವಾಗುವ ಸಂಗತಿಗಳನ್ನು ನಾವು ಇಲ್ಲಿ ಕ್ರೋಡೀಕರಿಸಿದ್ದೇವೆ.

ಒಂದು ಗೆಲುವು ಪ್ರಮಾಣವಲ್ಲ

2003ರಲ್ಲಿ ಲಾಸ್ ವೇಗಸ್‌ನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ನ ಮುಖ್ಯ ಪಂದ್ಯದಲ್ಲಿ 838 ಮಂದಿಯನ್ನು ಹಿಂದಿಕ್ಕಿ 25 ಲಕ್ಷ ಡಾಲರ್ ಗೆದ್ದವರು ಕ್ರಿಸ್ ಮನಿಮೇಕರ್. ವೃತ್ತಿಯಿಂದ ಅವರು ಲೆಕ್ಕಿಗರು. ಒಂದು ಪಂದ್ಯದ ಮಟ್ಟಿಗೆ ಹವ್ಯಾಸಿಯೂ ಗೆಲ್ಲಬಲ್ಲನು.

ಬಹುಮಾನವೇ ಲಾಭವಲ್ಲ

ಪಂದ್ಯಗಳ ಪಟ್ಟಿಗಳು ಸಾಮಾನ್ಯವಾಗಿ ಬಹುಮಾನದ ಮೊತ್ತವನ್ನಷ್ಟೇ ತೋರಿಸುತ್ತವೆ. 10 ಲಕ್ಷ ರೂಪಾಯಿ ಗೆಲ್ಲಲು ಪ್ರವೇಶ ಶುಲ್ಕವಾಗಿ 12 ಲಕ್ಷ ತೆತ್ತವನು ನಷ್ಟದಲ್ಲಿದ್ದಾನೆ. ಸೋತ ದಿನಗಳನ್ನೂ ಒಳಗೊಂಡ ಪೂರ್ಣ ಲೆಕ್ಕವನ್ನು ಕೇಳಬೇಕು.

ಎಷ್ಟು ಸುತ್ತುಗಳ ಲೆಕ್ಕ?

ಗೆಲುವಿನ ದರವನ್ನು 100 ಸುತ್ತುಗಳಿಗೆ ಎಷ್ಟು ‘ಬಿಗ್ ಬ್ಲೈಂಡ್’ (ಸುತ್ತಿನ ಆರಂಭದ ಕಡ್ಡಾಯ ಪಣ) ಎಂದು ಅಳೆಯುವುದು ರೂಢಿ. ಐದು ಬಂದರೆ ಉತ್ತಮವೇ ಸರಿ. ಆದರೆ 100 ಸುತ್ತುಗಳ ಫಲಿತಾಂಶದ ಏರಿಳಿತ ಸುಮಾರು 90 ಬಿಗ್ ಬ್ಲೈಂಡ್‌ನಷ್ಟಿದ್ದರೆ, 10,000 ಸುತ್ತುಗಳ ಬಳಿಕವೂ ಆ ದರದಲ್ಲಿ 18ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ; ಒಂದು ಲಕ್ಷ ಸುತ್ತುಗಳಲ್ಲಿ ಅದು ಆರರ ಸಮೀಪಕ್ಕೆ ಇಳಿಯುತ್ತದೆ. ಗಂಟೆಗೆ 30 ಸುತ್ತು ನಡೆಯುವ ಮೇಜಿನಲ್ಲಿ ಒಂದು ಲಕ್ಷ ಸುತ್ತು ಆಡಲು 3,300 ಗಂಟೆಗೂ ಮಿಕ್ಕಿ ಬೇಕು. ಕೆಲವು ತಿಂಗಳ ಗಳಿಕೆಯಿಂದ ಕೌಶಲ ಸಿದ್ಧವಾಗುವುದಿಲ್ಲ.

ತರ್ಕವನ್ನು ಕೇಳಿ

ಸೋತ ಸುತ್ತೊಂದನ್ನು ವಿವರಿಸಲು ಹೇಳಿ. ನಡುವೆ 200 ರೂಪಾಯಿ ಇದ್ದು, ಎದುರಾಳಿ 100 ಕಟ್ಟಿದರೆ, ತಾನೂ 100 ಕೊಡಲು ಶೇ. 25ರಷ್ಟು ಗೆಲುವಿನ ಸಾಧ್ಯತೆ ಇರಬೇಕು. ಒಂದೇ ಎಲೆ ಬರಲು ಉಳಿದಿರುವಾಗ, ಒಂದೇ ಬಣ್ಣದ ಐದನೆಯ ಎಲೆಗೆ ಕಾಯುವವನಿಗೆ ಉಳಿದ 46ರಲ್ಲಿ ಒಂಬತ್ತು ಎಲೆಗಳು ಮಾತ್ರ ಅನುಕೂಲ, ಅದು ಶೇ. 20ಕ್ಕೂ ತುಸು ಕಡಿಮೆ. ಮುಂದೆ ಹೆಚ್ಚು ಹಣ ಸಿಗುವ ಭರವಸೆಯಿಲ್ಲದಿದ್ದರೆ ಎಲೆ ಕೆಳಗಿಡುವುದೇ ಸರಿ. ಇಂತಹ ಎಣಿಕೆಯಿಲ್ಲದೆ ದುರದೃಷ್ಟವನ್ನಷ್ಟೇ ದೂರುವವರ ಬಗ್ಗೆ ಎಚ್ಚರವಿರಲಿ.

ಕಾನೂನು

ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ತೆಲಂಗಾಣ 2017ರಲ್ಲಿ, ಆಂಧ್ರಪ್ರದೇಶ 2020ರಲ್ಲಿ ನಿಷೇಧಿಸಿದವು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಕೌಶಲ, ಅದೃಷ್ಟವೆಂಬ ಭೇದವೆಣಿಸದೆ ದೇಶದಾದ್ಯಂತ ಇವುಗಳಿಗೆ ನಿಷೇಧ ವಿಧಿಸಿತು. ಗೋವಾದ ಪರವಾನಗಿ ಪಡೆದ ಕ್ಯಾಸಿನೊಗಳ ಮೇಜಿನಾಟ ಬೇರೆ. ಹೀಗಿರುವಾಗ, ಆನ್‌ಲೈನ್ ಆಟಕ್ಕೆಂದು ನಮ್ಮ ಗಡಿನಾಡಿನ ಯುವಕರಿಂದ ಬಂಡವಾಳ ಕೇಳುವವರಿಗೆ ಕೌಶಲದ ಪರೀಕ್ಷೆಗೂ ಮೊದಲೇ ‘ಇಲ್ಲ’ ಎನ್ನುವುದು ಕ್ಷೇಮ.